ಆಗರ್ ರೋಡ್

ಈಗ ಯಾರನ್ನು ಕೇಳಿದರೂ ಗೊತ್ತಿಲ್ಲ.
ರಿಕ್ಷಾದವನು ಎರಡು ಸಲ ಹೆಸರು ಹೇಳಿಸಿಕೊಂಡು
ವಡಾಳದಾಚೆ ಎಣ್ಣೆ ಟ್ಯಾಂಕುಗಳ ಗೋಡೆಗುಂಟ ಬಂದು
ಇಳಿಸಿ ಹೋದ. ಮೀಟರಿನ ಮೇಲೆ ಹತ್ತು ರೂಪಾಯಿ ಹೆಚ್ಚು,
ಇಲ್ಲಿಂದ ವಾಪಸ್ಸಿಗೆ ಯಾರೂ ಸಿಗುವುದಿಲ್ಲವಂತೆ.

ಸಿಗುತ್ತಿದ್ದರು.
ಬೆಳಿಗ್ಗೆ ಆರೂ ಹತ್ತಕ್ಕೆ ಮೂರು ಡಬ್ಬಿಯ ಗಾಡಿ,
ಸಂಜೆ ಅವೇ ಮೂರು ಡಬ್ಬಿ ತಿರುಗಿ.
ನಡುವೆ ದಿನವಿಡೀ ಉಪ್ಪಿನ ವ್ಯಾಗನ್ನು.
ಪ್ಲಾಟ್‌ಫಾರ್ಮು ಎಪ್ಪತ್ತು ಹೆಜ್ಜೆ, ನನ್ನ ಆಗಿನ ಹೆಜ್ಜೆ,
ಟಿಕೇಟಿನ ಕಿಂಡಿ ನನ್ನ ತಲೆಗಿಂತ ಒಂದು ಗೇಣು ಮೇಲೆ.

ಅಪ್ಪ ಇಲ್ಲಿ ಪಾಯಿಂಟ್ಸ್‌ಮನ್. ಬೊಮ್ಮಯ್ಯ ಆಗೇರ,
ಸಾಣಿಕಟ್ಟೆಯ ಉಪ್ಪಿನ ಗದ್ದೆಯಿಂದ ಬಂದವನು.
ಬಂದ ದಿನ ಬೋರ್ಡು ಓದಲು ಬಾರದೆ ಯಾರನ್ನೋ ಕೇಳಿ,
ಆಗರ್ ಎಂದರೇನೆಂದು ಮತ್ತೆ ಕೇಳಿ
ಬೆಂಚಿನ ಮೇಲೆ ಕೂತು ನಕ್ಕನಂತೆ.
ಉಪ್ಪು ಬಿಟ್ಟು ಓಡಿಬಂದರೆ
ಉಪ್ಪೇ ಮೊದಲು ಬಂದು ಇಳಿದು ಕಾಯುತ್ತಿದೆ.
ಎದುರಿನ ಮಡಿಯಲ್ಲಿ ಉಪ್ಪು ಬಾಚುತ್ತಿದ್ದ ಹಿರಾಬಾಯಿ ಭೋಯಿರ್
ನಾವು ಆಗ್ರಿ ಅಂದಳು. ನಾವು ಆಗೇರ ಅಂದ ಇವನು.
ಆಮೇಲಿನದು ಮೀನುಸಾರಿನ ಲೆಕ್ಕ,
ತಟ್ಟೆ ಮುಚ್ಚಿಕೊಂಡು ಹಳಿ ದಾಟುತ್ತಿತ್ತು.

ಬೋರ್ಡಿನ ಮುಖದ ಮೇಲೆ ಮೂರು ಲಿಪಿ.
ಒಂದು ರಾತ್ರಿ ಅದರ ಬೆನ್ನಿಗೆ,
ಖಾಡಿಗಷ್ಟೇ ಕಾಣುವ ಹಾಗೆ,
ಅಪ್ಪ ಬಿಳಿ ಪೇಂಟಿನಲ್ಲಿ ನಾಲ್ಕನೆಯದು ಬರೆದ.
ನಾನು ಕಲಿತ ಮೊದಲ ಕನ್ನಡ ಅಕ್ಷರ ಅವೇ ಐದು.
ರೋಡಿಗೆ ದೀರ್ಘ ಕೊಡಲು ಮರೆತಿದ್ದ.
ಬಹಳ ಕಾಲ ನಾನೂ ಹಾಗೇ ಬರೆದೆ.

ಇತಿಹಾಸ ಬೇಕೆಂದರೆ ಇಷ್ಟೇ ಇದೆ:
ವ್ಯಾಗನ್ನಿನ ಉಪ್ಪು ಲಾರಿ ಹತ್ತಿತು.
ಮಡಿಗಳಿಗೆ ಕಸ ಸುರಿದರು, ಕಸಕ್ಕೆ ಮಣ್ಣು,
ಮಣ್ಣಿಗೆ ಬೇಲಿ.
ಅರ್ಧ ಮೈಲಿ ಆಚೆ ಹೊಸ ಸ್ಟೇಷನ್ನು, ಕರೆಂಟಿನ ಗಾಡಿ.
ಒಂದು ಕಾಗದ ಬಂತು: ಪ್ರಯಾಣಿಕರ ಅಭಾವದಿಂದ.
ನಾವೆಲ್ಲ ಇದ್ದೆವಲ್ಲ ಅಂದುಕೊಂಡೆ.
ಅಭಾವ ಅಂದರೆ ನಾವೇ ಎಂದು ಆಮೇಲೆ ತಿಳಿಯಿತು.
ಕೊನೆಯ ಗಾಡಿಯಲ್ಲಿ ಇಲ್ಲಿಗೆಂದು ಟಿಕೇಟು ಪಡೆದಿದ್ದವನು ಒಬ್ಬನೇ,
ನಿದ್ದೆಹೋಗಿ ಅವನೂ ಇಳಿಯಲಿಲ್ಲ.
ಗಾರ್ಡ್ ಫರ್ಗೋಸ್ ಅವನನ್ನು ಎಬ್ಬಿಸಲಿಲ್ಲ.

ಮುಚ್ಚಿದ್ದು ಗಾಡಿಯನ್ನು.
ದೀಪದ ವಿಷಯ ಕಾಗದದಲ್ಲಿ ಇರಲಿಲ್ಲ.
ಹದಿನೆಂಟು ತಿಂಗಳು ಅಪ್ಪ ಸಂಜೆಗೆ ಸಿಗ್ನಲ್ ಹತ್ತಿ
ಕೆಂಪು ದೀಪ ಹಚ್ಚಿ ಇಳಿದ,
ಬಾರದ ಗಾಡಿಯನ್ನು ದಿನಾ ತಡೆದು ನಿಲ್ಲಿಸಿದ.
ಯಾರಿಗೆ ಹಚ್ಚೂದು, ಅವ್ವ ಬೈದಳು.
ಸೀಮೆಎಣ್ಣೆ ಬರ್ತಾ ಉಂಟಲ್ಲ, ಅಂದ.
ನಿಜ, ಬರುತ್ತಿತ್ತು, ತಿಂಗಳಿಗೊಂದು ಡಬ್ಬಿ,
ತಪ್ಪದೆ ಸಹಿ ಹಾಕಿಸಿಕೊಳ್ಳುತ್ತಿದ್ದರು.
ಹಿರಾಬಾಯಿಯ ಮಗ ರಾತ್ರಿ ಕುಡಿದು ದೋಣಿ ತರುವಾಗ
ಅದನ್ನೇ ನೋಡಿ ದಡ ಹಿಡಿಯುತ್ತಿದ್ದ.
ಒಂದು ತಿಂಗಳು ಡಬ್ಬಿ ಬರಲಿಲ್ಲ.
ಅಪ್ಪ ಏಣಿಯ ಬುಡದ ತನಕ ಹೋಗಿ ಬಂದ.
ನಮ್ಮನ್ನು ಕುರ್ಲಾ ಯಾರ್ಡಿಗೆ ಹಾಕಿದರು.

ಬೆಂಚಿಲ್ಲ, ಹಳಿಯಿಲ್ಲ. ಕಿಂಡಿಯಿದ್ದ ಗೋಡೆಯ ತುಂಡು
ನನ್ನ ಸೊಂಟಕ್ಕೆ ಬಂತು.
ತಗಡಿನ ಮನೆಗಳ ಮುಂದೆ ಗಟಾರ, ಗಟಾರದ ಮೇಲೆ
ಬೆನ್ನು ಮೇಲಾಗಿ ಮಲಗಿಸಿದ ಸಾಗುವಾನಿ ಹಲಗೆ.
ಒಬ್ಬಳು ಅದರ ಮೇಲೆ ಕುಕ್ಕರುಗಾಲಲ್ಲಿ
ಶಾಲೆಯ ಅಂಗಿ ಉಜ್ಜುತ್ತಿದ್ದಳು.
ಸೋಪಿನ ನೊರೆ ಹರಿದಾಗ ಒಂದು ಗ, ಅರ್ಧ ರೊ.
ದೀರ್ಘ ಇನ್ನೂ ಇಲ್ಲ.

ತಮಿಳಾ ಇದು, ಕೇಳಿದಳು.
ಸ್ಟೇಷನ್ನು, ಅಂದೆ.
ದಾಟಬೇಕೇನೋ ಎಂದುಕೊಂಡು
ಬಕೆಟ್ಟು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.
ಚಪ್ಪಲಿ ಕೈಗೆ ತೆಗೆದುಕೊಂಡು ದಾಟಿದೆ.
ಆಚೆ ಕಡೆ ಏನೂ ಕೆಲಸವಿರಲಿಲ್ಲ.
ಸ್ವಲ್ಪ ಹೊತ್ತು ನಿಂತು
ಅವಳು ಹಿಂಡಿ ಮುಗಿಸುವುದನ್ನೇ ಕಾದೆ,
ತಿರುಗಿ ಬರಲು.